ನಾಲ್ಕರ ಕ್ಯೂಬಿನಲ್ಲಿ ಮಗುಚಿದ ಆ ಅಂಚು

ಶಿರಸಿ

ಪ್ರೀತಿಯ ಕೂಸೆ,

ನಿನ್ನೆ ನೀನು ಕೇಳಿದ್ದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕಾರವಾರದ ಹಾಸ್ಟೆಲಿನಲ್ಲಿ ಕೂತು ನಾಲ್ಕರ ಕ್ಯೂಬನ್ನು, ಅಂದರೆ ಪ್ರತಿ ಬದಿಗೂ ನಾಲ್ಕು ಸಾಲಿರುವ ರೂಬಿಕ್ ಕ್ಯೂಬನ್ನು, ಕೊನೆಯವರೆಗೂ ತಂದೆಯಲ್ಲ, ನನಗೆ ಎಷ್ಟು ಖುಷಿಯಾಯಿತು ಗೊತ್ತಾ? ಒಂದೇ ಒಂದು ಅಂಚು ಮಗುಚಿಕೊಂಡು, ಅದರ ಎರಡು ಬಣ್ಣ ಅತ್ತಿತ್ತಾಗಿ ಕೂತಿದೆ ಎಂದು ನೀನು ಅಳುವ ದನಿಯಲ್ಲಿ "ಎಲ್ಲೋ ತಪ್ಪೋತು ಆಯಿ" ಅಂದೆ. ಎಲ್ಲೂ ತಪ್ಪಿಲ್ಲ ಮಗಾ. ಅದು ಆ ಕ್ಯೂಬಿನ ಗುಣ.

ಮೂರು ಸಾಲಿನ ಮಾಮೂಲಿ ಕ್ಯೂಬಿನಲ್ಲಿ ನೀನು ಇದನ್ನು ಕಂಡೇ ಇಲ್ಲ, ಕಾಣಲು ಸಾಧ್ಯವೂ ಇಲ್ಲ. ಅಲ್ಲಿ ಹೇಗೆ ತಿರುಗಿಸಿದರೂ ಅಂಚುಗಳು ಮಗುಚುವುದು ಜೋಡಿಯಾಗಿಯೇ. ಒಂಟಿ ಅಂಚು ಮಗುಚಿ ಕಂಡರೆ ಯಾರೋ ಬಿಚ್ಚಿ ಮತ್ತೆ ಕೂಡಿಸಿದ್ದಾರೆ ಎಂದೇ ತಿಳಿ. ಮಾರಿಕಾಂಬಾ ಜಾತ್ರೆಯಲ್ಲಿ ಕೊಂಡ ಕ್ಯೂಬನ್ನು ತಮ್ಮ ಬಿಚ್ಚಿ ಜೋಡಿಸಿದ ಮೇಲೆ ಅದು ಯಾವತ್ತೂ ಸರಿಬರಲಿಲ್ಲವಲ್ಲ, ಕಾರಣ ಅದೇ. ಮನಸ್ಸಿಗೆ ಬಂದಂತೆ ಕೂಡಿಸಿದರೆ 12ರಲ್ಲಿ ಒಂದು ಪಾಲು ಮಾತ್ರ ಬಿಡಿಸಲು ಬರುವ ಕ್ಯೂಬ್ ಆಗುತ್ತದೆ.

ಈಗ ನಿನ್ನ ನಾಲ್ಕರದ್ದಕ್ಕೆ ಬಾ. ಅಲ್ಲಿ ಒಂದು ಅಂಚು ಎಂದು ನೀನು ನೋಡುವುದು ಎರಡು ಬೇರೆ ಬೇರೆ ತುಂಡು. ಇಂಥ ತುಂಡು ಒಟ್ಟು 24. ಇವುಗಳಲ್ಲಿ ಯಾವುದೂ ಇದ್ದ ಜಾಗದಲ್ಲೇ ಮಗುಚುವುದಿಲ್ಲ. ಹಾಗಾಗಿ ನಿನಗೆ ಕಂಡಿದ್ದು ಮಗುಚಿದ ಅಂಚಲ್ಲ, ಪಕ್ಕಪಕ್ಕದ ಎರಡು ತುಂಡು ಜಾಗ ಅದಲುಬದಲು ಮಾಡಿಕೊಂಡಿದ್ದು. ಒಳಪದರವನ್ನು ಕಾಲು ಸುತ್ತು ತಿರುಗಿಸು: ನಾಲ್ಕು ತುಂಡು ಒಂದರ ಜಾಗಕ್ಕೆ ಇನ್ನೊಂದು ಸರಿಯುತ್ತವೆ. ಎರಡೆರಡು ತುಂಡನ್ನು ಮೂರು ಸಲ ಅದಲುಬದಲು ಮಾಡಿದರೂ ಇದೇ ಆಗುತ್ತದೆ, ಅಂದರೆ ಲೆಕ್ಕ ಬೆಸ. ಹೊರಪದರ ತಿರುಗಿಸಿದರೆ ನಾಲ್ಕು ನಾಲ್ಕು ತುಂಡಿನ ಎರಡು ಗುಂಪು ಒಟ್ಟಿಗೇ ಹೀಗೆ ಸರಿದು, ಆರು ಅದಲುಬದಲಾಗಿ, ಲೆಕ್ಕ ಸಮಸಂಖ್ಯೆಯಾಗಿಬಿಡುತ್ತದೆ. ಕೆಡಿಸುವಾಗ ಒಳಪದರ ಬೆಸ ಸಲ ತಿರುಗಿದ್ದರೆ, ಬಿಡಿಸುವಾಗಲೂ ಬೆಸ ಸಲವೇ ತಿರುಗಬೇಕು; ಇಲ್ಲವಾದರೆ ನಿನಗೆ ಕಂಡ ಹಾಗೆ ಒಂದು ಅದಲುಬದಲು ಉಳಿದುಬಿಡುತ್ತದೆ. ಕೆಟ್ಟ ಕ್ಯೂಬನ್ನು ಸುಮ್ಮನೆ ನೋಡಿದರೆ ಇದು ಯಾರ ಕಣ್ಣಿಗೂ ಕಾಣುವುದಿಲ್ಲ, ಅಂಚುಗಳೆಲ್ಲ ಜೋಡಿಯಾದ ಮೇಲೇ ಬಯಲಾಗುವುದು. ಸುಮಾರು ಅರ್ಧದಷ್ಟು ಸಲ ಹೀಗೇ ಆಗುತ್ತದೆ, ಎಷ್ಟೇ ಪಳಗಿದವರಿಗೂ.

ಇದನ್ನು ಸರಿಮಾಡುವ ಸೂತ್ರ, ಅಂದರೆ ಯಾವ ಪದರವನ್ನು ಯಾವ ಕ್ರಮದಲ್ಲಿ ತಿರುಗಿಸಬೇಕೆಂಬ ಪಟ್ಟಿ, ಉದ್ದ ಇದೆ. ಬಾಯಿಪಾಠ ಮಾಡು, ಬೇಡ ಅನ್ನುವುದಿಲ್ಲ. ಆದರೆ ಮೊದಲು ಅದರಲ್ಲಿ ಒಳಪದರದ ಕಾಲು ಸುತ್ತು ಎಷ್ಟಿವೆ ಎಣಿಸು. ಬೆಸ ಸಂಖ್ಯೆಯೇ ಬರುತ್ತದೆ. ಅದು ಬರಲೇಬೇಕು ಎಂದು ಗೊತ್ತಿದ್ದು ಎಣಿಸುವ ಸುಖವನ್ನು ನೀನು ಕಳೆದುಕೊಳ್ಳಬಾರದು ಅಂತ ನನ್ನ ಆಸೆ.

ರೂಮಿನವರು ಸ್ಟಾಪ್‌ವಾಚ್ ಹಿಡಿಯುತ್ತಾರಂತೆ, ಹಿಡಿಯಲಿ. ವೇಗವೂ ಚಂದವೇ. 1982ರಲ್ಲಿ ಬುಡಾಪೆಸ್ಟಿನ ಮೊದಲ ವಿಶ್ವ ಸ್ಪರ್ಧೆಯನ್ನು ಮಿನ್ ಥಾಯ್ ಗೆದ್ದದ್ದು 22.95 ಸೆಕೆಂಡಿನಲ್ಲಿ. ಅದೇ ಊರಿನಲ್ಲಿ 1974ರಲ್ಲಿ ಈ ಕ್ಯೂಬನ್ನು ಮಾಡಿದ ಎರ್ನೋ ರೂಬಿಕ್‌ಗೆ ತಾನು ಮಾಡಿದ್ದನ್ನು ತಾನೇ ಬಿಡಿಸಲು ಒಂದು ತಿಂಗಳಷ್ಟು ಬೇಕಾಯಿತು. ನೋಡಿಕೊಳ್ಳಲು ಯಾವ ಹಾಳೆಯೂ ಇರಲಿಲ್ಲ ಅವರಿಗೆ. ನನಗೆ ಆ ತಿಂಗಳೇ ಹೆಚ್ಚು ಇಷ್ಟ.

ಅಂಥದ್ದೊಂದು ತಿಂಗಳು ನಿನಗೂ ಸಿಗಲಿ ಎಂದು ಸ್ಕ್ಯೂಬ್ ತರಿಸಿಟ್ಟಿದ್ದೇನೆ. ನೋಡಲು ಕ್ಯೂಬೇ, ಆದರೆ ಅದರ ಸೀಳು ನಟ್ಟನಡುವೆ ಹಾದುಹೋಗುತ್ತದೆ. ಒಂದು ಮೂಲೆ ಹಿಡಿದು ತಿರುಗಿಸಿದರೆ ಅರ್ಧ ಕ್ಯೂಬೇ ತಿರುಗುತ್ತದೆ. ಅಂಚಿನ ತುಂಡುಗಳೇ ಇಲ್ಲ. ಅದರ ಸೂತ್ರ ಎಲ್ಲೂ ಹುಡುಕಬೇಡ, ನಾನೂ ನೋಡಿಲ್ಲ. ರಜೆಗೆ ಬರುವಾಗ ನಾಲ್ಕರದ್ದನ್ನು ತಗೊಂಡು ಬಾ, ಬದಲಿಸಿಕೊಳ್ಳೋಣ. ಬಸ್ಸು ದೇವಿಮನೆ ಘಾಟಿ ಹತ್ತುವಾಗ ಮಾತ್ರ ಕೈಗೆ ತಗೊಳ್ಳಬೇಡ, ನಿನಗೆ ತಲೆ ಸುತ್ತುತ್ತದೆ.

ನಿನ್ನ
ಆಯಿ