ಭಾನುವಾರದ ಪ್ರಾಕ್ಟೀಸ್: ಆರ್ಗನ್ ಬಗ್ಗೆ ಸ್ವಲ್ಪ ಮಾತು

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 5ಕ್ಕೆ ಎಂದಿನಂತೆ ವಿದ್ಯಾನಗರದ ಮನೆಯಲ್ಲೇ ಪ್ರಾಕ್ಟೀಸ್. ಅಮ್ಮನ ನೆನಪಿನ ಹಾಡನ್ನೇ ಮೊದಲು ತೆಗೆದುಕೊಳ್ಳೋಣ.

ಕಳೆದ ವಾರದ ರೆಕಾರ್ಡಿಂಗ್ ಮೂರು ಸಲ ಕೇಳಿದೆ. ಗಿಟಾರ್, ದನಿ ಎರಡೂ ಚೆನ್ನಾಗಿವೆ. ಆರ್ಗನ್ ಮಾತ್ರ ಮೊದಲಿಂದ ಕೊನೆತನಕ ಒಂದೇ ಮಟ್ಟದಲ್ಲಿದೆ. ಕೀಬೋರ್ಡ್ ನುಡಿಸುವವರು ಗಮನಿಸಿ: ಆರ್ಗನ್ ಟೋನಿನಲ್ಲಿ ಕೀ ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ಸದ್ದು ಅಷ್ಟೇ. ಪಿಯಾನೊ ಹಾಗಲ್ಲ. ಇಲ್ಲಿ ಏರಿಳಿತ ಬರುವುದು ಕಾಲಿನಿಂದ, ಅಂದ್ರೆ ವಾಲ್ಯೂಮ್ ಪೆಡಲ್‌ನಿಂದ. ನಾಟಕ ಕಂಪನಿಗಳಲ್ಲಿ ಕಾಲು ಹಾರ್ಮೋನಿಯಂ ನುಡಿಸುವವರು ತಿದಿ ಒತ್ತುವ ಹದದಲ್ಲೇ ಅಳು ತರಿಸುತ್ತಿದ್ದರು, ಅಲ್ವಾ? ಇಲ್ಲೂ ಅದೇ ಕೆಲಸ.

ಮೊದಲ ಚರಣಕ್ಕೆ ಆರ್ಗನ್ ಬೇಡವೇ ಬೇಡ. ಎರಡನೇ ಚರಣದಲ್ಲಿ ಎರಡೇ ಸ್ವರ, ತೀರಾ ಮೆಲ್ಲಗೆ. ಸಾಲು ಹಾಡುತ್ತಿರುವಾಗ ಸುಮ್ನೆ ಹಿಡಿದುಕೊಂಡಿರಿ. ಹಾಡುವವರು ಉಸಿರು ತೆಗೆದುಕೊಳ್ಳುವಾಗ ಸದ್ದು ಸ್ವಲ್ಪ ಏರಿಸಿ. ಕೊನೆಯ ಪಲ್ಲವಿಗೆ ರೋಟರಿ ಎಫೆಕ್ಟನ್ನು ನಿಧಾನದಿಂದ ವೇಗಕ್ಕೆ ಬದಲಿಸಿ. 1940ರ ದಶಕದಲ್ಲಿ ಡಾನ್ ಲೆಸ್ಲಿ ಎಂಬವರು ಹ್ಯಾಮಂಡ್ ಎಂಬ ಎಲೆಕ್ಟ್ರಿಕ್ ಆರ್ಗನ್‌ಗಾಗಿ ತಂದ, ಒಳಗೆ ಹಾರ್ನ್ ಗರಗರ ತಿರುಗುವ ಸ್ಪೀಕರಿನ ಸದ್ದು ಅದು. ವೇಗ ಏರುವ ಆ ಒಂದೆರಡು ಸೆಕೆಂಡಿನಲ್ಲಿ ನನಗೆ ಮೈ ಜುಮ್ಮೆನ್ನುತ್ತದೆ. ಒಂದೇ ಸಲ ಬಳಸಿ, ಜಾಸ್ತಿ ಬೇಡ.

ಪೆಡಲ್ ಇದ್ದವರು ತನ್ನಿ. ಇಲ್ಲದಿದ್ದರೆ ಎಡಗೈ ವಾಲ್ಯೂಮ್ ಗುಂಡಿ ಮೇಲಿಟ್ಟು ಬಲಗೈಯಲ್ಲಿ ಮಾತ್ರ ನುಡಿಸೋಣ. ಆಮೇಲೆ ಮಂಡಕ್ಕಿ, ಮೆಣಸಿನಕಾಯಿ ಇದೆ. ತಡವಾಗುವವರು ಇಲ್ಲೇ ತಿಳಿಸಿ.