ನೋವಿಲ್ಲ ಅಂದ್ಯಲ್ಲ, ಪುಟ್ಟಿ

ಪುಟ್ಟಿ,

ನಿನ್ನೆ ಫೋನಲ್ಲಿ ನನ್ನ ದನಿ ಏರಿತು, ನೀನು ಪಟ್ ಅಂತ ಕಟ್ ಮಾಡಿದೆ. ದನಿ ಏರಿದ್ದಕ್ಕೆ ಬೇಜಾರು ಮಾಡ್ಕೋಬೇಡ. ಆದರೆ ಹೇಳಿದ ಮಾತನ್ನ ವಾಪಸ್ ತಗೊಳ್ಳಲ್ಲ. ಮೂರು ವಾರದ ಹಿಂದೆ ಹ್ಯಾಮ್‌ಸ್ಟ್ರಿಂಗ್, ಅದೇ ತೊಡೆಯ ಹಿಂಬದಿ ಸ್ನಾಯು, ಹರಿದಿದೆ, ಈ ಭಾನುವಾರ ಮೈಸೂರಿನ ಚಾಮುಂಡಿ ವಿಹಾರ ಸ್ಟೇಡಿಯಂನಲ್ಲಿ 200 ಮೀಟರ್ ಓಡ್ತೀನಿ ಅಂತೀಯ. ಕಾರಣ ಕೇಳಿದ್ರೆ ‘ನೋವಿಲ್ಲಮ್ಮ’.

ನೋವು ಹೋಗೋದು ಬೇರೆ, ಬಲ ಬರೋದು ಬೇರೆ ಕಣೇ.

ಸ್ನಾಯು ಎಳೆಯೋದು ಹೇಗೆ ಅಂದ್ರೆ, ಅದರೊಳಗಿನ ಆಕ್ಟಿನ್ ಅನ್ನೋ ಪ್ರೋಟೀನ್ ಎಳೆಗಳ ಮೇಲೆ ಮಯೋಸಿನ್ ಅನ್ನೋ ಪ್ರೋಟೀನ್ ಎಳೆಗಳು ಜಾರ್ತವೆ, 1954ರಲ್ಲಿ ಹಕ್ಸ್ಲಿ ಅನ್ನೋ ಹೆಸರಿನ ಇಬ್ಬರು ಬೇರೆಬೇರೆಯಾಗಿ ತೋರಿಸಿದ್ರು. ಅದೆಲ್ಲ ಪಿಯುಸಿಲಿ ಓದಿ ಮಾರ್ಕ್ಸೂ ತೆಗೆದಿದ್ದೀಯ. ನರದಿಂದ ಸೂಚನೆ ಬಂದರೆ ಸ್ನಾಯುತಂತುವಿನೊಳಗೆ ಕ್ಯಾಲ್ಸಿಯಂ ಹರಡುತ್ತೆ, ಆಕ್ಟಿನ್ ಎಳೆ ಮೇಲಿರೋ ಟ್ರೋಪೋನಿನ್ ಅನ್ನೋ ಪ್ರೋಟೀನ್‌ಗೆ ಅಂಟುತ್ತೆ, ಆಕ್ಟಿನ್ ಮೇಲೆ ಮುಚ್ಚಿದ್ದ ಜಾಗ ತೆರೆಯುತ್ತೆ. ಮಯೋಸಿನ್ ತಲೆ ಅಲ್ಲಿ ಹಿಡಿದು, ಬಾಗಿ, ಎಳೆಯುತ್ತೆ. ಹಿಡಿತ ಬಿಡಬೇಕಾದರೆ ಹೊಸ ಎಟಿಪಿ, ಅಂದ್ರೆ ಜೀವಕೋಶದ ಇಂಧನ, ಬೇಕು. ಸತ್ತ ದೇಹ ಸೆಟೆದುಕೊಳ್ಳೋದು ಆ ಎಟಿಪಿ ಇಲ್ಲದೇನೇ.

ಸ್ನಾಯು ಕುಗ್ಗುತ್ತಾ ಎಳೆಯೋದಷ್ಟೇ ನಿಮಗೆ ಪಾಠ ಮಾಡಿರ್ತಾರೆ. ನನ್ನ ಭಯ ಇರೋದು ಉದ್ದ ಆಗ್ತಾ ಎಳೆಯೋ ಹೊತ್ತಿನ ಬಗ್ಗೆ. ಬಾವಿಯಿಂದ ಕೊಡ ಸೇದುವಾಗ ಕೈ ಬದಲಿಸ್ತಾ ಹಗ್ಗ ಎಳೀತೀವಲ್ಲ, ಮಯೋಸಿನ್ ಮಾಡೋದೂ ಅದನ್ನೇ. ತುಂಬಿದ ಕೊಡವೇ ನಮ್ಮನ್ನ ಮೀರಿ ಕೆಳಗೆ ಜಗ್ಗಿದರೆ? ಹಗ್ಗ ಹಿಡಿದ ಕೈಗಳನ್ನ ಕಿತ್ತುಕೊಂಡೇ ಇಳಿಯುತ್ತೆ. ಅಂಥ ಹೊತ್ತಲ್ಲಿ ಸ್ನಾಯುವಿನ ಮೇಲೆ ಬೀಳೋ ಬಲ, ನಿಂತಲ್ಲೇ ಬಿಗಿಹಿಡಿಯೋ ಬಲಕ್ಕಿಂತ ಸುಮಾರು ಒಂದೂವರೆ ಪಟ್ಟಿನವರೆಗೂ ಹೋಗಬಹುದು.

ಜೋರಾಗಿ ಓಡುವಾಗ ನಿನ್ನ ಕಾಲಲ್ಲಿ ಆ ಹೊತ್ತು ಬರೋದು ಪಾದ ನೆಲ ಮುಟ್ಟೋಕೆ ಸ್ವಲ್ಪ ಮುಂಚೆ. ತೊಡೆ ಮುಂದಕ್ಕೆ ಬಂದಿದೆ, ಮಂಡಿ ಬಿಚ್ಚಿಕೊಳ್ತಿದೆ. ಹ್ಯಾಮ್‌ಸ್ಟ್ರಿಂಗ್‌ನ ಒಂದು ತುದಿ ಕೂರುವ ಮೂಳೆಗೆ, ಇನ್ನೊಂದು ಮಂಡಿಯ ಕೆಳಗೆ ಅಂಟಿರೋದ್ರಿಂದ ಎರಡೂ ಕಡೆ ಜಗ್ಗಾಟ. ಜೊತೆಗೆ ಮುಂದಕ್ಕೆ ಹಾರ್ತಿರೋ ಕಾಲಿಗೆ ಬ್ರೇಕ್ ಹಾಕೋ ಕೆಲಸವೂ ಅದರದ್ದೇ. ಆಕ್ಟಿನ್, ಮಯೋಸಿನ್ ಜೋಡಿಸಿಟ್ಟ ಒಂದೊಂದು ಪುಟ್ಟ ತುಂಡು, ಅಂದ್ರೆ ಸಾರ್ಕೋಮಿಯರ್, ಸುಮಾರು 2.7 ಮೈಕ್ರೋಮೀಟರ್ ಉದ್ದ ಇದ್ದಾಗ ನಮ್ಮ ಸ್ನಾಯುಗೆ ಒಳ್ಳೇ ಹಿಡಿತ. ಅದಕ್ಕಿಂತ ಉದ್ದ ಹೋದಷ್ಟೂ ಆಕ್ಟಿನ್ ಸಿಗೋ ತಲೆಗಳು ಕಮ್ಮಿ ಆಗ್ತವೆ, ಭಾರ ಸ್ಪ್ರಿಂಗ್ ಥರದ ಟೈಟಿನ್ ಪ್ರೋಟೀನ್ ಮೇಲೂ ಸುತ್ತಲ ಪೊರೆ ಮೇಲೂ ಬೀಳುತ್ತೆ. ತಂತು ಸ್ನಾಯುರಜ್ಜುವಿಗೆ ಸೇರೋ ಜಾಗದಲ್ಲಿ ಹರಿಯೋದು ಹೀಗೆ. ಓಟಗಾರರಲ್ಲಿ ಹೆಚ್ಚಾಗಿ ಹರಿಯೋದೂ ನಿನಗಾಗಿರೋ ಆ ಹೊರಬದಿಯ ಸ್ನಾಯುವೇ.

ಹರಿದ ಜಾಗ ಕಲೆಗಟ್ಟಿ ಮಾಯುತ್ತೆ. ಕಲೆಗೆ ಕುಗ್ಗಿ ಎಳೆಯೋಕೆ ಬರಲ್ಲ, ಹಿಗ್ಗೋದೂ ಕಮ್ಮಿ. ಪಕ್ಕದ ತಂತುಗಳು ಅದರ ಪಾಲಿನದ್ದೂ ಸೇರಿಸಿ ಹಿಗ್ಗಬೇಕು.

ನಡೆದರೆ, ಮೆಲ್ಲಗೆ ಓಡಿದರೆ ನೋವಿಲ್ಲ ಅನ್ನೋದು ಸಾಕ್ಷಿ ಆಗಲ್ಲ. ಒಂದು ನರಕೋಶ, ಅದು ನಡೆಸೋ ತಂತುಗಳು ಸೇರಿ ಒಂದು ಮೋಟಾರ್ ಯೂನಿಟ್. ಮಿದುಳು ಮೊದಲು ಸಣ್ಣ ಯೂನಿಟ್‌ಗಳನ್ನ ಕರೆಯುತ್ತೆ, ದೊಡ್ಡವು ಬರೋದು ಬಲ ಬೇಕಾದಾಗ ಮಾತ್ರ. ಅವನ್ನ ನೀನು ಇನ್ನೂ ಪರೀಕ್ಷೇನೇ ಮಾಡಿಲ್ಲ.

ಶುರುವಾಯ್ತು ಅಮ್ಮನ ಪುರಾಣ ಅಂತೀಯ. ಅನ್ನು. ಓಟ ಶುರುವಾಗುವಾಗ ನೀನು ಸ್ಟಾರ್ಟಿಂಗ್ ಬ್ಲಾಕ್ಸ್‌ನಿಂದ ಏಳೋದು ನೋಡಿದ್ರೆ ನನಗೆ ಈಗಲೂ ಮೈ ಜುಮ್ಮನ್ನುತ್ತೆ, ಅದಕ್ಕೇ ಇಷ್ಟು ಬರೀತಿರೋದು.

ಫಿಸಿಯೋ ಹತ್ರ ಹೋಗಿ ಬೋರಲು ಮಲಗು. ಮಂಡಿ ಸ್ವಲ್ಪವೇ ಮಡಚಿ, ಅವರು ಹಿಮ್ಮಡಿ ಮೇಲೆ ಒತ್ತುವಾಗ ತಡೆದು ಹಿಡಿ. ಆಮೇಲೆ 90 ಡಿಗ್ರಿ ಮಡಚಿ ಅದನ್ನೇ ಮಾಡು. ಎರಡೂ ಕಾಲಿನ ಬಲ ಅಳೆಸು. ಮಡಚಿದಾಗ ಸಮ ಇದ್ದು, ಚಾಚಿದಾಗ ಗಾಯದ ಕಾಲು ಸೋತರೆ ಓಟದ ಮಾತೇ ಬೇಡ. ಸಮ ಇದ್ದರೂ ಅರ್ಧ ವೇಗ, ಮುಕ್ಕಾಲು ವೇಗ, ಆಮೇಲೆ ಪೂರ್ತಿ. ನಡುವೆ ಒಂದೊಂದು ದಿನ ಬಿಡು. ಮರುದಿನ ಬೆಳಿಗ್ಗೆ ಬಿಗಿ ಅನ್ನಿಸಿದ್ರೆ ಒಂದು ಮೆಟ್ಟಿಲು ಹಿಂದಕ್ಕೆ.

ಅವರು ಸರಿ ಅಂದ ಮೇಲೆ ನಾರ್ಡಿಕ್ ಅನ್ನೋ ಹ್ಯಾಮ್‌ಸ್ಟ್ರಿಂಗ್ ವ್ಯಾಯಾಮ ಶುರು ಮಾಡು. ಮಂಡಿಯೂರಿ, ಯಾರಾದ್ರೂ ಕಣಕಾಲು ಹಿಡಿದಿರಲಿ, ಮಂಡಿಯಿಂದ ಭುಜದವರೆಗೆ ನೇರ ಇಟ್ಟು ನಿಧಾನವಾಗಿ ಮುಂದಕ್ಕೆ ಬಾಗು. ಎಲ್ಲರೂ ಕೆಡಿಸೋದು ಸೊಂಟ ಮಡಚಿ. ಆಗ ಹ್ಯಾಮ್‌ಸ್ಟ್ರಿಂಗ್ ಮೇಲಿನ ಹೊರೆ ಇಳಿಯುತ್ತೆ, ಮಾಡಿದ್ದು ದಂಡ. ಮೊದಲ ವಾರ ಒಂದೇ ದಿನ, ಐದೈದರಂತೆ ಎರಡು ಸಲ, ಸಾಕು. ಮರುದಿನ ಮೈಕೈ ನೋವು ಬಂದರೆ ಬರಲಿ. ಬೆರಳಿಟ್ಟು ತೋರಿಸೋ ಹಾಗೆ ಒಂದೇ ಜಾಗದಲ್ಲಿ ಚುಳುಕ್ ಅಂದರೆ ಅಲ್ಲೇ ನಿಲ್ಲಿಸು.

ಶನಿವಾರ ಫ್ರೆಂಡ್ಸ್ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಹೋಗೋ ಯೋಚನೆಯನ್ನೂ ಬಿಡು. ಇಳಿಯುವಾಗ ಮುಂದೊಡೆ ಉದ್ದ ಆಗ್ತಾನೇ ಭಾರ ಹೊರುತ್ತೆ. ಅದರ ನೋವು ಜೋರಾಗೋದು ಒಂದರಿಂದ ಮೂರು ದಿನಕ್ಕೆ. ಮುಂದೊಡೆ ಹಿಡ್ಕೊಂಡಿದ್ರೆ ಓಟದ ನಡೆಯೇ ಬದಲಾಗುತ್ತೆ.

ಬೇಕಾದ್ರೆ ಶನಿವಾರ ಮಂಡ್ಯಕ್ಕೇ ಬಂದ್ಬಿಡು. ಫಿಸಿಯೋ ಒಪ್ಪಿದ್ರೆ ಕಣಕಾಲು ಹಿಡ್ಕೊಳ್ಳೋಕೆ ನಿಮ್ಮಪ್ಪ ಇದ್ದಾರೆ.

ಅಮ್ಮ