ಮೂಗು ಚಪ್ಪಟೆಯಾದ ಭಾವಚಿತ್ರದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಫ್ರೇಮಿಂಗ್ ವಿಭಾಗ

ಮಾನ್ಯರೇ,

ಫೋನಿನಲ್ಲಿ ನಯವಾಗಿ ಹೇಳಿ ಹೇಳಿ ಸಾಕಾಗಿದೆ. ಪ್ರತಿ ಸಲವೂ "ನೋಡ್ತೀವಿ ಮೇಡಂ" ಅಂದಿರಿ. ನೋಡಲಿಲ್ಲ. ಅದಕ್ಕೇ ಈ ಪತ್ರ.

ನಾನು ಕೊಟ್ಟಿದ್ದು ನಮ್ಮ ದೊಡ್ಡಮ್ಮನ ಎಣ್ಣೆಬಣ್ಣದ ಭಾವಚಿತ್ರ. ಇಂಪ್ಯಾಸ್ಟೊ ಕೆಲಸ, ಅಂದರೆ ಬಣ್ಣವನ್ನು ಉಬ್ಬಿ ನಿಲ್ಲುವಷ್ಟು ದಪ್ಪಗೆ ಹಚ್ಚುವ ರೀತಿ. ನೆರಳಿನ ಭಾಗ ತೆಳು. ಬೆಳಕು ಬಿದ್ದ ಹಣೆ, ಮೂಗು, ಕೆನ್ನೆಯ ಮೇಲೆ ಟೈಟಾನಿಯಂ ಬಿಳಿ ಬೆರೆಸಿದ ಬಣ್ಣ ದಪ್ಪಗೆ ಎದ್ದು ನಿಂತಿದೆ. ಅಲ್ಲ, ನಿಂತಿತ್ತು. ಮೂಗಿನ ತುದಿಯನ್ನು ಹಂದಿಕೂದಲಿನ ಬ್ರಷ್‌ನಲ್ಲಿ ಒಂದೇ ಸಲಕ್ಕೆ ಎಳೆದು ಬಿಟ್ಟಿದ್ದೆ. ಕೂದಲಿನ ಗೀರುಗಳೆಲ್ಲ ಕಾಣುತ್ತಿದ್ದವು.

ಎಣ್ಣೆಬಣ್ಣ ಗಾಳಿಯ ಆಮ್ಲಜನಕ ಹೀರಿ ನಿಧಾನಕ್ಕೆ ಗಟ್ಟಿಯಾಗುತ್ತದೆ. ಇಷ್ಟು ದಪ್ಪಗಿದ್ದರೆ ಮೇಲೆ ಪೊರೆ ಕಟ್ಟಿದರೂ ಒಳಗೆ ತಿಂಗಳುಗಟ್ಟಲೆ ಮೆತ್ತಗಿರುತ್ತದೆ. ಇದೆಲ್ಲ ನಿಮಗೆ ಗೊತ್ತಿರುವುದೇ. ಗಾಜು ಬಣ್ಣಕ್ಕೆ ತಾಗದಂತೆ ನಡುವೆ ಪಟ್ಟಿ ಇಡಬೇಕು ಅಂತ ನಿಮ್ಮ ರಸೀದಿಯ ಹಿಂದೆಯೇ ಅಚ್ಚಾಗಿದೆ. ನಾನು ಗಾಜೇ ಬೇಡ ಅಂದಿದ್ದೆ, ಅದು ಬೇರೆ ಮಾತು. ನೀವು ಗಾಜೂ ಹಾಕಿದಿರಿ, ಪಟ್ಟಿಯನ್ನೂ ಬಿಟ್ಟಿರಿ, ಹಿಂದಿನಿಂದ ಒತ್ತಿ ಮೊಳೆಯನ್ನೂ ಹೊಡೆದಿರಿ.

ಇನ್ನು ಕೌಂಟರಿನ ಕಥೆ. ಚಿತ್ರ ಬಿಚ್ಚಿ ತೋರಿಸಿದೆ. ನಿಮ್ಮ ಹುಡುಗ ಗಾಜಿನ ಮೇಲೆ ಬೆರಳಿನಿಂದ ತಟ್ಟಿ, "ಏನಾಗಿದೆ?" ಅಂದ. ಮೂಗು ಅಂಟಿಕೊಂಡಿದೆ ಅಂದೆ. "ಯಾರದು?" ಅಂದ. ಪಕ್ಕದಲ್ಲಿ ನಿಂತಿದ್ದವರು ನಕ್ಕರು. ಮೇಲ್ವಿಚಾರಕರು ಬಂದು ಕನ್ನಡಕ ಹಣೆಗೇರಿಸಿ, "ಇಷ್ಟೊಂದು ಬಣ್ಣ ಯಾಕೆ ಮೆತ್ತಿದ್ರಿ ಮೇಡಂ? ಇದು ಚಿತ್ರಾನಾ, ಗೋಡೆಗೆ ಹಚ್ಚೋ ಪುಟ್ಟಿನಾ?" ಅಂತ ಕೇಳಿದರು. ಮತ್ತೆ ನಗು. ಬೇಡ ಬೇಡ ಅಂದರೂ ಗಾಜನ್ನು ಎತ್ತಿದರು. ಎಡಗೆನ್ನೆಯ ಬೆಳಕು ಪೂರ್ತಿ ಗಾಜಿನ ಜೊತೆಗೇ ಕಿತ್ತು ಬಂತು, ಒಳಗಿನ ಹಸಿ ಬಣ್ಣ ಕಾಣಿಸಿತು. "ನೋಡಿ, ಈಗ ಎಲ್ಲ ಸಮ ಆಯ್ತಲ್ಲ" ಅಂದರು. ಈ ಸಮ ಮಾಡಿದ್ದಕ್ಕೆ ಬೇರೆ ಬಿಲ್ ಉಂಟಾ?

ವ್ಯಾನ್ ಗೋನ ಕೆಲವು ಕ್ಯಾನ್ವಾಸ್‌ಗಳಲ್ಲೂ ಬಣ್ಣ ಚಪ್ಪಟೆಯಾಗಿದೆ. ಸರಿಯಾಗಿ ಒಣಗುವ ಮೊದಲೇ ಒಂದರ ಮೇಲೊಂದು ಇಟ್ಟಿದ್ದರ ಗುರುತು ಅದು. ಆದರೆ ಅದಕ್ಕೆ ಅವನು ಯಾರಿಂದಲೂ ಮುಂಗಡ ತೆಗೆದುಕೊಂಡಿರಲಿಲ್ಲ.

ನಾನು ಕೊಟ್ಟ ಹಣ ಪೂರ್ತಿ ವಾಪಸ್ ಬರಬೇಕು, ಚಿತ್ರಕ್ಕೆ ಪರಿಹಾರ ಕೊಡಬೇಕು. ಇದೇ ವಾರದಲ್ಲಿ ಲಿಖಿತ ಉತ್ತರ ಬರಬೇಕು, ಫೋನ್ ಬೇಡ. ಬರದಿದ್ದರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗುವುದು ಇದ್ದೇ ಇದೆ. ಅದಕ್ಕೂ ಮೊದಲು ಈ ಚಿತ್ರವನ್ನು, ಕೆನ್ನೆ ಅಂಟಿದ ಆ ಗಾಜಿನ ಸಮೇತ, ನನ್ನ ಮುಂದಿನ ಪ್ರದರ್ಶನದಲ್ಲಿ ಬಾಗಿಲ ಎದುರಿಗೇ ಇಡುತ್ತೇನೆ. ಕಲಾವಿದರ ಹೆಸರಿನ ಜಾಗದಲ್ಲಿ ನಿಮ್ಮ ಸಂಸ್ಥೆಯ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ. ಕೊನೆಯ ಕೈ ನಿಮ್ಮದೇ ಅಲ್ವಾ?

ಇತಿ,
ನಿಮ್ಮ ಗ್ರಾಹಕಿ (ಸದ್ಯಕ್ಕೆ)